ಕೂಸಿಗೆ ಎರೆಯುವ ಕಾಲು

ಮಾಸೂರಿನಲ್ಲಿ ನಲವತ್ತು ದಾಟದ ಮಂದಿಯ ಪೈಕಿ ಅಡಿವೆವ್ವನ ಕಾಲ ಮೇಲೆ ಮಲಗದವರು ಕಡಿಮೆ. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಸೀರೆಯನ್ನು ಮೊಣಕಾಲಿನಿಂದ ಮೇಲಕ್ಕೆ ಸರಿಸಿ, ಎರಡೂ ಕಾಲನ್ನು ನೆಟ್ಟಗೆ ಮುಂದೆ ಚಾಚಿ ಜೋಡಿಸಿದಳೆಂದರೆ ಅದೇ ಕೂಸಿನ ಹಾಸಿಗೆ. ಅಂಗಾತ ಮಲಗಿಸಿ ಎದೆಗೆ ಎಣ್ಣೆ, ಬೋರಲು ಹಾಕಿ ಬೆನ್ನಿಗೆ ಎಣ್ಣೆ, ಆಮೇಲೆ ಕಡಲೆಹಿಟ್ಟು, ಆಮೇಲೆ ತಂಬಿಗೆ ತಂಬಿಗೆ ನೀರು. ಓಣಿ ಹಾರಿಹೋಗುವಂತೆ ಚೀರುವ ಕೂಸು ಕೂಡ ಮೂರನೆಯ ತಂಬಿಗೆಗೆ ಸುಮ್ಮನಾಗಿ ಕಣ್ಣು ಪಿಳುಕಿಸುತ್ತಿತ್ತು. ಪಂಚಾಯಿತಿ ಕಟ್ಟೆಯ ಮೇಲೆ ಮೀಸೆ ತಿರುವುತ್ತ ಕುಳಿತವನನ್ನು ನಿಲ್ಲಿಸಿ, "ಏ ಮೆಂಬರಾ, ನನ್ನ ಕಾಲ ಮ್ಯಾಲೆ ಎಷ್ಟ ಸಲ ಉಚ್ಚಿ ಹೊಯ್ದಿ ನೆನಪೈತೇನೋ?" ಎಂದು ಕೇಳುವ ಹಕ್ಕು ಇಡೀ ಊರಿನಲ್ಲಿ ಅವಳೊಬ್ಬಳಿಗೇ ಇತ್ತು.

ಕೆಲವು ಮನೆಗಳಿಗೆ ಅವಳು ಮುಂಬಾಗಿಲಿನಿಂದ ಹೋಗುತ್ತಿದ್ದಳು, ಕೆಲವು ಮನೆಗಳಿಗೆ ಹಿತ್ತಿಲ ಬಾಗಿಲಿನಿಂದ. ಯಾರಾದರೂ ಆ ಮಾತು ಎತ್ತಿದರೆ, "ಕೂಸಿಗೆ ಬಾಗಲಾ ತಿಳಿಯಂಗಿಲ್ಲವಾ, ಕೈ ತಿಳೀತೈತಿ" ಎಂದು ಅಲ್ಲಿಗೇ ಬಿಡುತ್ತಿದ್ದಳು. ಎರೆದು ಮುಗಿಸಿ, ಕೊನೆಯ ತಂಬಿಗೆ ನೀರನ್ನು ಕೂಸಿನ ಸುತ್ತ ನಿವಾಳಿಸಿ ಚೆಲ್ಲುವಾಗ ಎಲ್ಲವ್ವ ತಾಯಿಯ ಹೆಸರನ್ನು ತುಟಿಯೊಳಗೇ ಹೇಳಿಕೊಳ್ಳುವುದು ಅವಳ ಪದ್ಧತಿ. ಅದು ಯಾರಿಗೂ ಕೇಳಿಸಿದ್ದಿಲ್ಲ.

ಅರವತ್ತೇಳನೆಯ ವಯಸ್ಸಿನಲ್ಲಿ ಬಲಗಾಲು ಕೈಕೊಟ್ಟಿತು. ಮೊಣಕಾಲು ಸವೆದು ಕಟಕಟ ಎನ್ನುತ್ತಿದ್ದದ್ದು ಹಳೆಯ ಮಾತು. ಅದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಒಂದು ದಿನ ಹತ್ತಿರದ ಹಂಸಭಾವಿ ಊರಿನ ಮನೆಯೊಂದರಲ್ಲಿ ಕೂಸಿಗೆ ಎರೆದು ಏಳಲು ಹೋದರೆ ಕಾಲು ನೆಲ ಬಿಡಲಿಲ್ಲ. ಕೈಯಲ್ಲಿ ಒದ್ದೆ ಕೂಸು, ಕೆಳಗೆ ಜಾರುವ ಕಲ್ಲು. ಬಾಣಂತಿಯ ತಾಯಿ ಓಡಿ ಬಂದು ಕೂಸನ್ನು ಎತ್ತಿಕೊಂಡಳು, ಆಮೇಲೆ ಇಬ್ಬರು ಸೇರಿ ಅಡಿವೆವ್ವನನ್ನು ಎತ್ತಿದರು. ಅವಳು ಅವತ್ತು ಮನೆಗೆ ಬಂದವಳೇ ಎಣ್ಣೆ ಬಟ್ಟಲನ್ನು ತೊಳೆದು ಒರೆಸಿ ಗೋಡೆಯ ಮಾಡದಲ್ಲಿ ಬೋರಲು ಇಟ್ಟುಬಿಟ್ಟಳು.

ಆ ಬಟ್ಟಲನ್ನು ಮತ್ತೆ ಅಂಗಾತ ಮಾಡಿದವಳು ಮೊಮ್ಮಗಳು ನೀಲಾಂಬಿಕಾ. ಹಾನಗಲ್ಲಿಗೆ ಕೊಟ್ಟ ಹುಡುಗಿ, ಚೊಚ್ಚಲ ಬಸುರಿ. ಹುಟ್ಟಿದಾಗ ಅವಳು ಬೆಕ್ಕಿನ ಮರಿಯಷ್ಟಿದ್ದಳಂತೆ. ಬದುಕುವುದಿಲ್ಲ ಅಂದವರ ಮುಂದೆಯೇ ಅಡಿವೆವ್ವ ಮೂರು ತಿಂಗಳು ಅವಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ತಿಕ್ಕಿ ಮನುಷ್ಯಳನ್ನು ಮಾಡಿದ್ದಳು. ಅವಳು ಬಂದು ಅಜ್ಜಿಯ ಪಕ್ಕ ಕುಳಿತು, "ಅಜ್ಜೀ, ನನ್ನ ಕೂಸಿಗೆ ನೀನ ಎರೀಬೇಕು ನೋಡು. ಬ್ಯಾರೆ ಯಾರ ಕಾಲ ಮ್ಯಾಲೂ ಹಾಕಂಗಿಲ್ಲ ನಾ" ಎಂದಳು.

"ನನ್ನ ಕಾಲು ಹ್ವಾದುವವಾ."

"ಹ್ವಾದ್ರ ರಿಪೇರಿ ಮಾಡಸು. ಮಂದಿ ಮಾಡಸಾಕತ್ತಿಲ್ಲೇನು?"

ಹೀಗೆ, ವರ್ಷಗಟ್ಟಲೆ ಯಾರು ಹೇಳಿದರೂ ಕೇಳದವಳು ಮೊಮ್ಮಗಳ ಒಂದು ಮಾತಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಲ ಮೊಣಕಾಲಿನ ಕೀಲು ಬದಲಿಸಿಕೊಂಡು ಬಂದಳು. ಬಂದದ್ದು ನವೆಂಬರಿನ ಕೊನೆಗೆ. ನೀಲಾಂಬಿಕಾಳ ದಿನ ತುಂಬುವುದು ಸಂಕ್ರಾಂತಿ ಕಳೆದ ಮೇಲೆ. ನಡುವೆ ಇದ್ದದ್ದು ಎಂಟು ವಾರ.

ಮನೆಯಲ್ಲಿ ಅವಳನ್ನು ನೋಡಿಕೊಳ್ಳಲು ಇಬ್ಬರು. ಸೊಸೆ ರಾಜಶ್ರೀ, ನೀಲಾಂಬಿಕಾಳ ತಾಯಿ, ಅಂಗನವಾಡಿಯ ಅಡುಗೆಗೆ ಬೆಳಿಗ್ಗೆ ಹೋದರೆ ಬರುವುದು ಮೂರೂವರೆಗೆ. ಅಡಿವೆವ್ವನ ಗಂಡ ಚೌಡಪ್ಪ ಮದಗದ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿದ್ದವನು. ಈಗ ಆ ಕೆಲಸ ಬೇರೆಯವರದು, ಆದರೂ ದಿನಕ್ಕೊಮ್ಮೆ ಹೋಗಿ ಅವರ ತಪ್ಪು ಹುಡುಕಿ ಬರದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಇವರ ಜೊತೆಗೆ ವಾರಕ್ಕೆ ಮೂರು ಸಲ ಹಿರೇಕೆರೂರಿನಿಂದ ಸ್ಕೂಟಿಯಲ್ಲಿ ಬಂದು ವ್ಯಾಯಾಮ ಮಾಡಿಸುವ ನುಜಹತ. ಸವಣೂರಿನ ಮಗಳು, ಹಿರೇಕೆರೂರಿನ ಸೊಸೆ. ಮೃದು ಮಾತು, ಗಟ್ಟಿ ಕೈ.

ಮೊದಲನೆಯ ದಿನವೇ ಒಂದು ತಕರಾರು ಆಯಿತು. ನುಜಹತ ಎರಡು ತಲೆದಿಂಬು, ಅದರ ಮೇಲೊಂದು ಮಡಿಸಿದ ಕೌದಿ ಒಟ್ಟಿ ಬಲಗಾಲನ್ನು ಮೇಲೆತ್ತಿ ಇಟ್ಟಳು. "ಅಜ್ಜಿ, ಕಾಲು ನಿಮ್ಮ ಎದಿಕಿಂತ ಎತ್ತರ ಇರಬೇಕು. ಆವಾಗ ಬಾವು ತಾನ ಕೆಳಗ ಇಳದ ಬರತೈತಿ, ಕೆರಿ ನೀರು ಕಾಲುವಿಗೆ ಇಳದಂಗ."

ಅಡಿವೆವ್ವ ತನ್ನ ಕಾಲು ನೋಡಿಕೊಂಡಳು. ಆಮೇಲೆ ಕಾಲಿನ ಆಚೆ ನೋಡಿದಳು. ನೆಟ್ಟಗೆ ಎದುರಿಗೆ ದೇವರ ಜಗುಲಿ. ನಡುವೆ ಎಲ್ಲವ್ವನ ಫೋಟೊ, ಮುಂದೆ ಸಣ್ಣ ದೀಪ.

"ತಗೀರಿ, ತಗೀರಿ! ತಾಯಿ ಮಾರಿಗೆ ಅಂಗಾಲು ತೋರಿಸಿ ಮಲಗಲೇನು ನಾನು?"

"ಬ್ಯಾನಿ ಬಂದವರಿಗೆ ದೇವರು ಏನೂ ಅನ್ನಂಗಿಲ್ರೀ ಅಜ್ಜಿ."

"ಅಕಿ ಏನೂ ಅನ್ನಂಗಿಲ್ಲ, ಖರೆ. ನನಗ ನಿದ್ದಿ ಬರಂಗಿಲ್ಲ."

ನುಜಹತ ವಾದ ಮಾಡಲಿಲ್ಲ. ಚೌಡಪ್ಪನನ್ನು ಕರೆದಳು, ಇಬ್ಬರೂ ಸೇರಿ ಅಜ್ಜಿಯನ್ನು ಕುರ್ಚಿಗೆ ಕೂರಿಸಿ, ಮಂಚವನ್ನೇ ತಿರುವಿ ಹಾಕಿದರು. ಈಗ ತಲೆ ಜಗುಲಿಯ ಕಡೆಗೆ, ಕಾಲು ಬಾಗಿಲ ಕಡೆಗೆ. ಬಾಗಿಲ ಪಕ್ಕದಲ್ಲಿ ಎಲೆ ಅಡಿಕೆ ಚೀಲ ಇಟ್ಟುಕೊಂಡು ಚೌಡಪ್ಪ ಕುಳಿತುಕೊಳ್ಳುವ ಜಾಗ.

"ಅಂದ್ರ ಇನ್ನ ಎರಡ ತಿಂಗಳು ನನಗ ಅಂಗಾಲು ತೋರಸಾಕಿ ನೀ?" ಎಂದ ಅವನು.

"ನಲವತ್ತಾರು ವರ್ಷ ಮಾರಿ ತೋರಿಸೇನಿ. ಏನ ಉಪಯೋಗ ಆತು?"

ಬರ್ಫಿನದು ಇನ್ನೊಂದು ಕಥೆ. ದಿನಕ್ಕೆ ನಾಲ್ಕೈದು ಸಲ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಮೊಣಕಾಲಿನ ಎರಡೂ ಬದಿಗೆ ಹದಿನೈದು ಇಪ್ಪತ್ತು ನಿಮಿಷ ಇಡಬೇಕು, ಬರಿಯ ಐಸು ಚರ್ಮಕ್ಕೆ ತಾಗಬಾರದು ಎಂದು ನುಜಹತ ಹೇಳಿ ಹೋಗಿದ್ದಳು. ಮನೆಯಲ್ಲಿ ಫ್ರಿಜ್ ಇಲ್ಲ. ಚೌಡಪ್ಪ ತಲೆ ಓಡಿಸಿದ. ಕೆರೆಯ ಮೀನು ಹಿಡಿಸುವವರು ಪೆಟ್ಟಿಗೆಗಟ್ಟಲೆ ಬರ್ಫು ತರಿಸುತ್ತಾರೆ; ಹಳೆಯ ನೀರುಗಂಟಿ ಕೇಳಿದರೆ ಇಲ್ಲ ಅಂದಾರೆಯೇ? ಡಬ್ಬಿ ತುಂಬ ತಂದ. ಬರ್ಫು ತಣ್ಣಗಿತ್ತು, ತಪ್ಪಿಲ್ಲ. ಆದರೆ ಅದರೊಳಗೆ ಮೀನಿನ ವಾಸನೆ ಹೆಪ್ಪುಗಟ್ಟಿತ್ತು. ಅರ್ಧ ತಾಸಿನಲ್ಲಿ ಓಣಿಯ ಕೆಂಚ ಬೆಕ್ಕು ಬಂದು ಮಂಚದ ಮೇಲೆ ಹತ್ತಿ, ಶಸ್ತ್ರಕ್ರಿಯೆಯಾದ ಕಾಲಿನ ಪಕ್ಕದಲ್ಲಿ ಭಕ್ತಿಯಿಂದ ಕುಳಿತಿತು.

"ನೋಡು, ನಿನ್ನ ಮೊಣಕಾಲಿಗೆ ಒಬ್ಬ ಭಕ್ತ ಸಿಕ್ಕ" ಎಂದ ಚೌಡಪ್ಪ.

ಅಡಿವೆವ್ವ ನಕ್ಕಳು, ಆದರೆ ಒಳಗೆ ಅವಳಿಗೆ ಬರ್ಫು ಒಗ್ಗಿರಲಿಲ್ಲ. ಅದಕ್ಕೆ ಕಾರಣ ಮೀನಲ್ಲ. ನಲವತ್ತು ವರ್ಷ ಅವಳು ಬಾಣಂತಿಯರಿಗೆ ಮಾಡಿದ್ದೆಲ್ಲ ಬಿಸಿಯ ಸೇವೆ. ಬಿಸಿನೀರು, ಬಿಸಿ ಎಣ್ಣೆ, ತಲೆಗೆ ಕಟ್ಟಿದ ಬಟ್ಟೆ, ನಡುವಿಗೆ ಶಾಖ. ತಂಡಿ ಎನ್ನುವುದು ಅವಳ ಪಾಲಿಗೆ ಬಾಗಿಲ ಸಂದಿಯಿಂದ ನುಸುಳುವ ಕಳ್ಳ. ಹಾಸಿಗೆ ಹಿಡಿದವರಿಗೆ, ಅದೂ ಕೆರೆಯ ಕಡೆಯಿಂದ ಕುಳಿರ್ಗಾಳಿ ಬೀಸುವ ಡಿಸೆಂಬರಿನಲ್ಲಿ, ಐಸು ಇಡುವುದೆಂದರೆ ಅವಳ ಕೈ ಕಲಿತ ವಿದ್ಯೆಗೆಲ್ಲ ಉಲ್ಟಾ. ಗುಳಿಗೆಯ ಮೇಲೂ ಅವಳಿಗೆ ನಂಬಿಕೆ ಅಷ್ಟಕ್ಕಷ್ಟೆ. ತಡೆಯಲಾರದಷ್ಟು ನೋವು ಬಂದಾಗ ನುಂಗಿದರೆ ಸಾಕು ಎಂದು, ರಾಜಶ್ರೀ ಕೊಟ್ಟ ಮಾತ್ರೆಯನ್ನು ಒಮ್ಮೆ ನುಂಗಿ ಒಮ್ಮೆ ದಿಂಬಿನ ಕೆಳಗೆ ತಳ್ಳುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ಹುಚ್ಚವ್ವ ಬಂದಳು. ಅಡಿವೆವ್ವ ಕೂಸಿಗೆ ಎರೆಯಲು ಹೋದಲ್ಲೆಲ್ಲ ಒಲೆ ಮುಂದೆ ಕುಳಿತು ನೀರು ಕಾಸಿಕೊಟ್ಟವಳು, ಜೀವದ ಗೆಳತಿ. ಬಾಗಿಲಲ್ಲೇ ನಿಂತು ಬಾಯಿಗೆ ಕೈ ಹಚ್ಚಿದಳು.

"ಅಯ್ಯ ನಮ್ಮವ್ವಾ! ಬಾಣಂತಿ ಕಾಲಿಗೆ ಐಸ್ ಇಡತಾರೇನು?"

"ನಾ ಯಾವ ಬಾಣಂತಿಯಬೇ?"

"ಹತ್ತ ದಿನ ಹಾಸಿಗಿ ಹಿಡದಾಕಿ ಬಾಣಂತಿನ. ಕೂಸು ಒಂದ ಇಲ್ಲ ನಿನಗ, ಬೆಕ್ಕ ಐತಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಇಬ್ಬರಿಗೂ ಒಂದೇ ವಿಚಾರ ಬಂತು. ಬಾಣಂತಿಯೇ ಆದ ಮೇಲೆ ಬಾಣಂತನ ಮಾಡುವವರು ಮನೆಯಲ್ಲೇ ಇದ್ದಾರಲ್ಲ! ತಡೆಯುವವರು ಮನೆಯಲ್ಲಿರಲಿಲ್ಲ: ರಾಜಶ್ರೀ ಅಂಗನವಾಡಿಯಲ್ಲಿ, ಚೌಡಪ್ಪ ಕೆರೆಯ ಮೇಲೆ. ಹುಚ್ಚವ್ವ ಒಲೆ ಹಚ್ಚಿದಳು. ಹೊಟ್ಟು ಹುರಿದು ಗಂಟು ಕಟ್ಟಿದಳು. ಎಕ್ಕೆಯ ಎಲೆಗೆ ಔಡಲೆಣ್ಣೆ ಸವರಿ ಹಂಚಿನ ಮೇಲೆ ಬಾಡಿಸಿದಳು. ಹೊಲಿಗೆಯ ಮೇಲಿನ ಪಟ್ಟಿಯನ್ನು ಮಾತ್ರ ಮುಟ್ಟದೆ, ಸುತ್ತ ಎಲ್ಲ ಶಾಖ ಕೊಟ್ಟು, ಎಲೆ ಹಾಕಿ, ಉಣ್ಣೆಯ ಬಟ್ಟೆ ಬಿಗಿದಳು. ಕೊನೆಗೆ ದಿಂಬುಗಳ ರಾಶಿಯನ್ನು ಕೆಡವಿ, ಕೌದಿಯೊಂದನ್ನು ಉಂಡೆ ಸುತ್ತಿ ಮೊಣಕಾಲಿನ ಕೆಳಗೇ ತುರುಕಿದಳು. ಕಾಲು ಹಿತವಾಗಿ ಮಡಚಿಕೊಂಡಿತು.

"ಹೆಂಗೈತಿ?"

"ಸ್ವರ್ಗಕ್ಕ ಮೂರ ಗೇಣು" ಎಂದಳು ಅಡಿವೆವ್ವ, ಕಣ್ಣು ಮುಚ್ಚಿ.

ಮೂರು ಮಧ್ಯಾಹ್ನ ಈ ಗುಟ್ಟಿನ ಬಾಣಂತನ ನಡೆಯಿತು. ರಾಜಶ್ರೀ ಬರುವ ಹೊತ್ತಿಗೆ ಎಲೆ ಒಲೆಗೆ, ಗಂಟು ಹಿತ್ತಿಲಿಗೆ. ನಾಲ್ಕನೆಯ ಬೆಳಿಗ್ಗೆ ಅಡಿವೆವ್ವ ಎದ್ದು ಕುಳಿತು ಸೀರೆ ಸರಿಸಿದವಳು ಹಾಗೇ ನೋಡುತ್ತ ಕುಳಿತಳು. ಮೊಣಕಾಲು ಇದ್ದ ಜಾಗದಲ್ಲಿ ಸಿಹಿಗುಂಬಳದ ಕಾಯೊಂದು ಕುಳಿತಿತ್ತು. ಚರ್ಮ ಬಿಗಿದು ಮಿರಮಿರ ಮಿಂಚುತ್ತಿತ್ತು, ಕೆಂಪಗಿತ್ತು. ಊರೆಗೋಲಿನ ಚೌಕಟ್ಟು ಹಿಡಿದು ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಕಣ್ಣಲ್ಲಿ ನೀರು ಬಂತು.

ಅವತ್ತು ನುಜಹತ ಬರುವ ದಿನ. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು. ಮೀನಿನ ವಾಸನೆ ಇರಲಿಲ್ಲ. ಬೆಕ್ಕೂ ಇರಲಿಲ್ಲ. ಹುರಿದ ಹೊಟ್ಟು, ಔಡಲೆಣ್ಣೆ.

"ಅಜ್ಜಿ, ಈ ಮನ್ಯಾಗ ಯಾರ ಬಾಣಂತನ ನಡದೈತ್ರಿ?"

ಅಡಿವೆವ್ವ ಸೀರೆ ಸರಿಸಿ ಕಾಲು ತೋರಿಸಿದಳು. ನುಜಹತಳ ನಗು ನಿಂತುಹೋಯಿತು. ಅವಳು ಬೈಯಲಿಲ್ಲ, ಬೈದಿದ್ದರೆ ಅಡಿವೆವ್ವನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಜ್ವರ ನೋಡಿದಳು. ಮೀನಖಂಡವನ್ನು ಮೆಲ್ಲಗೆ ಒತ್ತಿ, "ಇಲ್ಲಿ ನೋವೈತೇನ್ರಿ? ಎದಿ ಹಿಡದಂಗ, ಉಸರ ಕಟ್ಟಿದಂಗ?" ಎಂದು ಕೇಳಿದಳು. ಪಟ್ಟಿಯ ಅಂಚಿನಲ್ಲಿ ಕೀವು, ನೀರು ಏನಾದರೂ ಒಸರಿದೆಯೇ ಎಂದು ಬಗ್ಗಿ ನೋಡಿದಳು. ಫೋಟೊ ತೆಗೆದು ಹುಬ್ಬಳ್ಳಿಯ ಡಾಕ್ಟರಿಗೆ ಕಳಿಸಿ, ಅಂಗಳಕ್ಕೆ ಹೋಗಿ ಫೋನಿನಲ್ಲಿ ಮಾತಾಡಿದಳು.

ಒಳಗೆ ಅಡಿವೆವ್ವ ಜಗುಲಿಯ ಕಡೆಗೆ ಕತ್ತು ಹೊರಳಿಸಿದಳು. ತನಗಾಗಿ ಏನನ್ನೂ ಬೇಡಿ ಅಭ್ಯಾಸವಿಲ್ಲದವಳು. ಏನು ಬೇಡಬೇಕೆಂದು ಕೂಡಲೇ ತಿಳಿಯಲಿಲ್ಲ. ನೀಲಾಂಬಿಕಾಳ ಮುಖ ಕಣ್ಣೆದುರು ಬಂತು. "ತಾಯಿ, ನಡಿಯಾಕ ಬರದಿದ್ರೂ ನಡದೀತು. ಕಾಲು ಚಾಚಾಕ ಬಂದ್ರ ಸಾಕು" ಎಂದಳು ತುಟಿಯೊಳಗೆ. ಚೌಡಪ್ಪ ಅಡಿಕೆ ಕತ್ತರಿಸುವುದನ್ನು ಬಿಟ್ಟು ಅಂಗಳದ ಮಾತಿಗೆ ಕಿವಿಗೊಟ್ಟಿದ್ದ.

ನುಜಹತ ಒಳಗೆ ಬಂದು ಮಂಚದ ಮೇಲೆ ಕುಳಿತಳು. "ಪುಣ್ಯಾ. ಜ್ವರ ಇಲ್ಲ, ಕೀವು ಇಲ್ಲ. ನಂಜಾಗಿಲ್ಲ ಅನ್ನಸತೈತಿ ಅಂದ್ರು ಡಾಕ್ಟ್ರು. ನಾಳೆ ಒಮ್ಮೆ ತೋರಿಸಿ ಬರ್ರಿ. ಅಷ್ಟರಾಗ ಜ್ವರ ಬಂದ್ರ, ಮೀನಖಂಡ ಬಿಗದು ನೋವು ಬಂದ್ರ, ಉಸರ ಕಟ್ಟಿದ್ರ ನಾಳಿ ತನಕಾ ಕಾಯಬ್ಯಾಡ್ರಿ, ಗಾಡಿ ತರಸ್ರಿ." ಆಮೇಲೆ ಬೇರೆಯದೇ ಧ್ವನಿಯಲ್ಲಿ ಕೇಳಿದಳು: "ಅಜ್ಜಿ, ನನಗೊಂದು ಹೇಳ್ರಿ. ಕೂಸಿಗೆ ತೊಡಿಗೆ ಸೂಜಿ ಮಾಡಸ್ಕೊಂಡು ಬರತಾರಲ್ಲ, ಆ ಜಾಗ ಬಾತು ಗಂಟ ಕಟ್ಟತೈತಿ. ನೀವೇನ ಮಾಡತೀರಿ?"

ಇದು ಅಡಿವೆವ್ವನ ಸ್ವಂತ ಹೊಲ. "ಏನ ಮಾಡೂದು? ತಣ್ಣೀರಾಗ ಅರಬಿ ಅದ್ದಿ, ಹಿಂಡಿ, ಮ್ಯಾಲೆ ಹಾಕೂದು. ಸಂಜೀಮಟ ನಾಕ ಸಲ ಹಾಕಿದ್ರ ಇಳೀತೈತಿ."

"ಬಿಸಿ ಶಾಖ ಕೊಡಂಗಿಲ್ಲೇನ್ರಿ?"

"ಹುಚ್ಚಿ ಏನ ನೀನು! ಹೊಸಾ ಗಾಯಕ್ಕ ಬಿಸಿ ಮುಟ್ಟಸತಾರೇನು? ನೆತ್ತರಾ ಓಡಿ ಬಂದು ಇನ್ನಷ್ಟ ಬಾಯ್..."

ಮಾತು ಅರ್ಧಕ್ಕೇ ನಿಂತಿತು. ಅಡಿವೆವ್ವ ನುಜಹತಳನ್ನು ನೋಡಿದಳು, ಮೊಣಕಾಲನ್ನು ನೋಡಿದಳು, ಆಮೇಲೆ ತನ್ನ ಹಣೆಯನ್ನು ತಾನೇ ಪಟ್ಟೆಂದು ಬಡಿದುಕೊಂಡಳು. ಬಾಗಿಲಿನಿಂದ ಚೌಡಪ್ಪ, "ಊರಿಗೆಲ್ಲ ಬುದ್ಧಿ ಹೇಳಾಕಿ" ಎಂದ.

"ಬಾಣಂತಿ ನಡಾ ಬ್ಯಾರೆ, ಇದು ಬ್ಯಾರೆ ಅಜ್ಜಿ" ಎಂದಳು ನುಜಹತ. "ಎಲುಬು ಕೊಯ್ದು ಹೊಸಾ ಕೀಲು ಕುಂಡ್ರಿಸ್ಯಾರ. ಈ ಮೊಣಕಾಲಿಗೆ ಈಗ ಎರಡ ವಾರ ವಯಸ್ಸು."

"ಅಂದ್ರ ಬಾಣಂತಿ ನಾ ಅಲ್ಲ. ಇದು ಕೂಸು."

"ಹೂನ್ರಿ. ಹಂಗ ಅನ್ಕೊಳ್ರಿ."

ಹಾಗೆ ಅಂದುಕೊಂಡ ಮೇಲೆ ಅಡಿವೆವ್ವನಿಗೆ ಯಾರೂ ಏನನ್ನೂ ಕಲಿಸಬೇಕಾಗಲಿಲ್ಲ. ದಿಂಬಿನ ಕೆಳಗಿನ ಗುಳಿಗೆಗಳನ್ನು ತಾನೇ ತೆಗೆದು ಮುಂದಿಟ್ಟಳು. ನುಜಹತ ಅವನ್ನು ನೋಡಿ, "ನೋವು ಏರಿದ ಮ್ಯಾಲೆ ಗುಳಿಗಿ ತಗೊಂಡ್ರ ಅದು ಬೆನ್ನ ಹತ್ತಿ ಓಡಬೇಕು. ಡಾಕ್ಟ್ರು ಬರದ ಹೊತ್ತಿಗೆ ತಗೊಳ್ರಿ. ವ್ಯಾಯಾಮಕ್ಕ ಅರ್ಧ ತಾಸ ಮೊದಲ ಒಂದು ಹೊಟ್ಟ್ಯಾಗ ಇರೂ ಹಂಗ ಹೊಂದಿಸಿ ಕೊಟ್ಟೇನಿ" ಎಂದಾಗ, "ತಿಳೀತು ಬಿಡವಾ. ಕೂಸು ಚೀರಾಕ ಹತ್ತಿದ ಮ್ಯಾಲೆ ಹಾಲು ಕಾಸಾಕ ಹೋಗೂದಲ್ಲ" ಎಂದಳು.

ಉಳಿದದ್ದು ಮೊಣಕಾಲ ಕೆಳಗಿನ ಕೌದಿ. ನುಜಹತ ಅದನ್ನು ಎಳೆದು ತೆಗೆದು ಹಿಮ್ಮಡಿಯ ಕೆಳಗೆ ಇಟ್ಟಳು. ಅಡಿವೆವ್ವ ಹಲ್ಲು ಕಚ್ಚಿದಳು.

"ಅಲ್ಲಿ ಇದ್ದಾಗ ಹಿತ ಇತ್ತಲ್ಲವಾ."

"ಹಿತ ಇರತೈತ್ರಿ. ಆದ್ರ ಮಡಚಿದ ಕಾಲು ಮಡಚಿದಲ್ಲೇ ಗಟ್ಟಿ ಆಗತೈತಿ. ನೋಡ್ರಿಲ್ಲೆ." ಕೌದಿಯನ್ನು ತೆಗೆದು ಕಾಲನ್ನು ಮಂಚದ ಮೇಲೆ ಸಪಾಟಾಗಿ ಇಡಲು ಹೇಳಿದಳು. ಎಡಗಾಲು ಹಾಸಿಗೆಗೆ ಹತ್ತಿ ಕುಳಿತಿತು. ಬಲ ಮೊಣಕಾಲು ಕಮಾನಿನಂತೆ ಮೇಲೆಯೇ ನಿಂತಿತು. ಅದರ ಕೆಳಗೆ ನುಜಹತಳ ಅಂಗೈ ಸಲೀಸಾಗಿ ತೂರಿ ಆಚೆ ಬಂತು.

ಅಡಿವೆವ್ವ ಆ ಸಂದನ್ನೇ ನೋಡಿದಳು. ಒಂದು ಕಾಲು ನೆಟ್ಟಗೆ, ಒಂದು ಕಾಲು ಗುಡ್ಡ. ಈ ಕಾಲ ಮೇಲೆ ಕೂಸು ಹಾಕಿದರೆ? ಒಂದು ಕಡೆಗೆ ಉರುಳುತ್ತದೆ. ಎಣ್ಣೆ ಹಚ್ಚಿದ ಕೂಸು, ಸಾಬೂನಿನ ಕೈ.

"ಎಷ್ಟ ದಿನಕ್ಕ ಇದು ನೆಟ್ಟಗ ಆದೀತು?" ಅವಳ ಧ್ವನಿ ಸಣ್ಣಗಾಗಿತ್ತು.

"ನೀವು ದಿನಾ ಮಾಡಿದ್ರ ಆಗತೈತಿ. ಹಿಮ್ಮಡಿ ಕೆಳಗ ಸುರುಳಿ ಇಟ್ಟು, ಮೊಣಕಾಲು ಕೆಳಗ ಒತ್ತಿ, ಐದ ಎಣಸಿ ಬಿಡ್ರಿ. ನೋವಾಗತೈತಿ. ಆದ್ರ ಬಾವು ಇಳೀದ ನೆಟ್ಟಗ ಆಗಂಗಿಲ್ಲ. ಅದಕ್ಕ ಮೊದಲ ಐಸು, ಎತ್ತರ. ಆಮ್ಯಾಲೆ ಕಸರತ್ತು."

ಮರುದಿನ ಹುಬ್ಬಳ್ಳಿಯ ಡಾಕ್ಟರೂ ನೋಡಿ, ಹೊಲಿಗೆ ಬಿಚ್ಚಿ, ಅದನ್ನೇ ಹೇಳಿದರು. ಮರಳಿ ಬರುವಾಗ ಚೌಡಪ್ಪ ಮೀನಿನವರ ಹತ್ತಿರ ಬರ್ಫಿನ ಡಬ್ಬಿ ತುಂಬಿಸಿಕೊಂಡೇ ಬಂದ. ಹುಚ್ಚವ್ವ ಈ ಸಲ ಬಾಗಿಲಲ್ಲಿ ಅಪರಾಧಿಯ ಹಾಗೆ ನಿಂತಿದ್ದಳು. "ಬಾರಬೇ ಒಳಗ. ಬಾಣಂತಿ ಸತ್ತಳು, ಕೂಸು ಉಳಿತು" ಎಂದು ಅಡಿವೆವ್ವ ಕರೆದಳು. "ನಿನಗ ಹೊಸಾ ಚಾಕರಿ. ಐಸು ಕರಗಿದ ಅರಬಿ ಹಿಂಡು." ನಲವತ್ತು ವರ್ಷ ನೀರು ಕಾಸಿದ ಹುಚ್ಚವ್ವ ಅಂದಿನಿಂದ ದಿನಾ ಬಂದು ಬರ್ಫು ಕುಟ್ಟತೊಡಗಿದಳು. ಬೆಕ್ಕು ಕೂಡ ತನ್ನ ಸ್ಥಾನಕ್ಕೆ ಮರಳಿತು.

ಮೊಣಕಾಲ ಕೆಳಗಿನ ಸಂದನ್ನು ಅಳೆಯುವ ಕೆಲಸವನ್ನು ಚೌಡಪ್ಪ ತಾನಾಗಿಯೇ ವಹಿಸಿಕೊಂಡ. ನೀರುಗಂಟಿಗೆ ಅಳತೆ ರೂಢಿ. ತೂಬಿನ ಬಾಯಲ್ಲಿ ಎಷ್ಟು ಬೆರಳು ನೀರು ಎಂದು ನೋಡಿದ ಕಣ್ಣು. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಅವನು ಮಂಚದ ಹತ್ತಿರ ಬಂದು ಬಗ್ಗುತ್ತಿದ್ದ. ಮೊದಲ ವಾರ ಅವನ ಇಡೀ ಕೈ ತೂರಿತು. ಆಮೇಲೆ ಕೈ ತೂರಲಿಲ್ಲ, ಎಲೆ ಅಡಿಕೆ ಚೀಲ ತೂರಿತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಸುಣ್ಣದ ಡಬ್ಬಿ ಮಾತ್ರ.

ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಒಂದು ದಿನ ಕಾಲು ಹಗುರಾಯಿತೆಂದು ಅಡಿವೆವ್ವ ಚೌಕಟ್ಟು ಹಿಡಿದು ಓಣಿಯ ಕೊನೆಯವರೆಗೆ ಹೋಗಿ, ಸಿಕ್ಕಸಿಕ್ಕವರ ಜೊತೆ ನಿಂತು ಮಾತಾಡಿ ಬಂದಳು. ಸಂಜೆಗೆ ಸುಣ್ಣದ ಡಬ್ಬಿಯ ಜಾಗದಲ್ಲಿ ಮತ್ತೆ ಚೀಲ ತೂರಿತು. "ಒಮ್ಮೆ ದೂರ ನಡಿಯೂದು ಬ್ಯಾಡ್ರಿ, ತಾಸಿಗೊಮ್ಮೆ ಮನ್ಯಾಗ ನಾಕ ಹೆಜ್ಜಿ ಹಾಕ್ರಿ" ಎಂದು ನುಜಹತ ಮೊದಲೇ ಹೇಳಿದ್ದಳು. ಅವತ್ತು ಅಡಿವೆವ್ವ ಯಾರಿಗೂ ಹೇಳಿಸಿಕೊಳ್ಳದೆ ತಾನೇ ಕಾಲು ಎತ್ತರಕ್ಕೆ ಹಾಕಿ, "ಕೂಸಿಗೆ ದಣಿವಾಗೇತಿ, ಬರ್ಫು ತಾರ್ರಿ" ಎಂದಳು.

ಜನವರಿಯ ಮೊದಲಿಗೆ ನೀಲಾಂಬಿಕಾ ಹೆರಿಗೆಗೆ ತವರಿಗೆ ಬಂದಳು. ತುಂಬಿದ ಹೊಟ್ಟೆ, ಬಾತ ಪಾದ. ಡಾಕ್ಟರು ಅವಳಿಗೂ ಕಾಲು ಮೇಲಿಟ್ಟು ಮಲಗಲು ಹೇಳಿದ್ದರಂತೆ. ಮಧ್ಯಾಹ್ನ ಅಜ್ಜಿ ಮೊಮ್ಮಗಳು ಅಕ್ಕಪಕ್ಕದಲ್ಲಿ ಮಲಗಿ, ನಾಲ್ಕೂ ಕಾಲನ್ನು ದಿಂಬಿನ ಮೇಲೆ ಹಾಕಿದರೆ, ಚೌಡಪ್ಪ ಎಲೆ ಚೀಲ ಎತ್ತಿಕೊಂಡು ಎದ್ದುಬಿಟ್ಟ. "ಎರಡು ಅಂಗಾಲು ತಡಕೊಂಡೆ. ನಾಕು ಆಗಂಗಿಲ್ಲ" ಎಂದು ಕಟ್ಟೆಗೆ ಹೋಗಿ ಕುಳಿತ.

"ಅಜ್ಜಿ, ಬಾಳ ನೋಯತೈತೇನು?" ನೀಲಾಂಬಿಕಾ ಕೇಳಿದಳು. ಅಜ್ಜಿ ಹಿಮ್ಮಡಿಯ ಕೆಳಗೆ ಸುರುಳಿ ಇಟ್ಟುಕೊಂಡು ಮೊಣಕಾಲನ್ನು ಒತ್ತುತ್ತಿದ್ದಳು, ಹಣೆಯಲ್ಲಿ ಬೆವರು.

"ನೋಯತೈತಿ. ನಿನ್ನ ಬ್ಯಾನಿಗಿಂತ ಕಡಿಮಿ." ಐದು ಎಣಿಸಿ ಬಿಟ್ಟಳು.

"ನನಗಾಗಿ ಇಷ್ಟ್ಯಾಕ ಒದ್ದ್ಯಾಡತಿ? ಆಗದಿದ್ರ ಬಿಡು. ಅವ್ವ ಎರದಾಳು."

"ನಿಮ್ಮವ್ವ ಕೂಸಿನ್ನ ಬಾಂಡೆ ತಿಕ್ಕಿದಂಗ ತಿಕ್ಕತಾಳ" ಎಂದಳು ಅಡಿವೆವ್ವ. ಅಡುಗೆಮನೆಯಿಂದ ರಾಜಶ್ರೀ, "ಕೇಳಾಕತ್ತೈತ್ರಿ ಅತ್ತೀ" ಎಂದು ಕೂಗಿದಳು. ಅಡಿವೆವ್ವ ದನಿ ತಗ್ಗಿಸಿದಳು. "ನಿನಗಾಗಿ ಅಷ್ಟ ಅಲ್ಲವಾ. ಹಂಸಭಾವಿಯೊಳಗ ಆ ಕೂಸು ನನ್ನ ಕೈಯಿಂದ ಇಸಗೊಂಡ್ರಲ್ಲ, ಅದ ಕಡೀ ಕೂಸು ಆಗಬಾರದು."

ಸಂಕ್ರಾಂತಿಯ ಹಿಂದಿನ ಸಂಜೆ ಚೌಡಪ್ಪ ಎಂದಿನಂತೆ ಬಗ್ಗಿದ. ಸುಣ್ಣದ ಡಬ್ಬಿ ತೂರಲಿಲ್ಲ. ಚೀಲದಿಂದ ಒಂದು ವೀಳ್ಯದೆಲೆ ತೆಗೆದ. ನುಜಹತ ತವರಿಗೆ ಹೋದಾಗ ಸವಣೂರಿನಿಂದ ತಂದುಕೊಟ್ಟ ಎಳೆಯ ಎಲೆ. ಅದನ್ನು ಮೊಣಕಾಲ ಕೆಳಗೆ ಇಟ್ಟ. "ಒತ್ತು" ಎಂದ. ಅಡಿವೆವ್ವ ಒತ್ತಿದಳು. ಅವನು ತೊಟ್ಟು ಹಿಡಿದು ಎಳೆದ. ತೊಟ್ಟು ಕೈಗೆ ಬಂತು, ಎಲೆ ಬರಲಿಲ್ಲ.

ಚೌಡಪ್ಪ ತೊಟ್ಟನ್ನು ಎತ್ತಿ ತೋರಿಸಿ, "ತೂಬು ಬಂದ್ ಆತು" ಎಂದ.

ನಾಲ್ಕು ದಿನಕ್ಕೆ ನೀಲಾಂಬಿಕಾ ಹಿರೇಕೆರೂರಿನ ಆಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣು ಕೂಸು, ಗುಂಡುಗುಂಡಗೆ, ಕರಿಗೂದಲಿನದು. ಹೊಕ್ಕಳ ಬಳ್ಳಿ ಉದುರಿ ಒಣಗಿದ ಮೇಲೆ, ಹತ್ತನೆಯ ದಿನ ಮೊದಲ ಸಲ ಎರೆಯುವುದು ಎಂದು ನಿಶ್ಚಯವಾಯಿತು. ನುಜಹತ ಒಂದೇ ಷರತ್ತು ಹಾಕಿದ್ದಳು: "ನೆಲಕ್ಕ, ಮಣಿ ಮ್ಯಾಲೆ ಕುಂಡ್ರೂ ಹಂಗಿಲ್ಲ. ಕುರ್ಚಿ ಎತ್ತರಕ್ಕ ಕುಂತು ಕಾಲು ಚಾಚ್ರಿ. ಏಳುವಾಗ ಕೂಸು ನಿಮ್ಮ ಕೈಯಾಗ ಇರಬಾರದು." ಚೌಡಪ್ಪ ಬಡಿಗೇರ ಫಕ್ಕೀರೇಶನನ್ನು ಕೂರಿಸಿಕೊಂಡು ಕುರ್ಚಿಯಷ್ಟು ಎತ್ತರದ, ಹೊಸ ಥರದ ಹಲಗೆ ಮಾಡಿಸಿದ. ಹಿಂದೆ ಒರಗಲು ಆಸರೆ, ಮುಂದೆ ಕಾಲು ಚಾಚುವಷ್ಟು ಉದ್ದ, ನೀರು ಹರಿದುಹೋಗಲು ಒಂದು ಬದಿಗೆ ಬೆರಳಿನಷ್ಟು ಇಳಿಜಾರು. ಆ ಇಳಿಜಾರಿಗಾಗಿ ಅವನು ಫಕ್ಕೀರೇಶನ ಜೊತೆ ಎರಡು ದಿನ ಜಗಳವಾಡಿದ್ದ. ನೀರಿನ ವಿಷಯದಲ್ಲಿ ಅವನು ಯಾರ ಮಾತೂ ಕೇಳುವವನಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅಡಿವೆವ್ವ ಜಗುಲಿಗೆ ದೀಪ ಹಚ್ಚಿ, ಮಾಡದಿಂದ ಎಣ್ಣೆ ಬಟ್ಟಲು ಇಳಿಸಿದಳು. ಬಚ್ಚಲಿಗೆ ಹೋಗಿ ಹಲಗೆಯ ಮೇಲೆ ಕುಳಿತು, ಸೀರೆ ಸರಿಸಿ, ಎರಡೂ ಕಾಲು ಚಾಚಿದಳು. ಬಲ ಮೊಣಕಾಲಿನ ಮೇಲೆ ಗೇಣುದ್ದದ ಗೆರೆ. ಒಲೆ ಮುಂದೆ ಹುಚ್ಚವ್ವ. ರಾಜಶ್ರೀ ಕೂಸನ್ನು ತಂದು ಕಾಲ ಮೇಲೆ ಹಾಕಿದಳು.

ಕೂಸು ಎರಡು ಕಾಲಿನ ನಡುವಿನ ಕಣಿವೆಯಲ್ಲಿ ಸರಿಯಾಗಿ ಕುಳಿತಿತು. ಉರುಳಲಿಲ್ಲ, ಜಗ್ಗಲಿಲ್ಲ.

ಎಣ್ಣೆ, ಕಡಲೆಹಿಟ್ಟು. ಕೂಸು ಮನೆ ಹಾರಿಹೋಗುವಂತೆ ಚೀರಿತು. ಮೊದಲ ತಂಬಿಗೆ ನೀರು ಹೊಯ್ಯುವ ಮುನ್ನ ಅಡಿವೆವ್ವ ತಡೆದಳು. ಕೂಸಿಗೆ ನೀರಿನ ಹದವನ್ನು ಅವಳು ನೋಡುತ್ತಿದ್ದದ್ದು ಕೈಯಿಂದಲ್ಲ, ತನ್ನ ಕಾಲಿನಿಂದ. ಮೊದಲು ಬಲ ಮೊಣಕಾಲಿನ ಮೇಲೆ ಚೂರು ಹೊಯ್ದುಕೊಂಡು. ಈಗ ಆ ಗೆರೆಯ ಪಕ್ಕದ ಚರ್ಮಕ್ಕೆ ಜೋಮು. ಬಿಸಿ ತಂಪು ಅದಕ್ಕೆ ತಿಳಿಯುತ್ತಿರಲಿಲ್ಲ. ಒಂದು ಗಳಿಗೆ ತಂಬಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಎಡ ಮೊಣಕಾಲಿನ ಮೇಲೆ ಹೊಯ್ದುಕೊಂಡಳು.

"ಕಾವು ಹೆಚ್ಚಾತಬೇ ಹುಚ್ಚವ್ವಾ. ಒಂದ ಚರಿಗಿ ತಣ್ಣೀರ ಬೆರಸು."

"ನಿನಗ ಈಗ ತಣ್ಣೀರ ಹುಚ್ಚು" ಎಂದು ಗೊಣಗುತ್ತ ಹುಚ್ಚವ್ವ ಬೆರೆಸಿದಳು.

ಒಂದು ತಂಬಿಗೆ. ಎರಡು. ಮೂರನೆಯದಕ್ಕೆ ಕೂಸು ಚೀರುವುದನ್ನು ನಿಲ್ಲಿಸಿ ಕಣ್ಣು ಪಿಳುಕಿಸಿತು. ಬಾಗಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ನೀಲಾಂಬಿಕಾ ಅಳುತ್ತಿದ್ದಳೋ ನಗುತ್ತಿದ್ದಳೋ ಉಗಿಯಲ್ಲಿ ಕಾಣಲಿಲ್ಲ. ಅಷ್ಟರಲ್ಲಿ ಕೂಸು ತನ್ನ ಕೆಲಸ ತಾನು ಮಾಡಿತು. ಅಜ್ಜಿಯ ಹೊಸ ಮೊಣಕಾಲಿನ ಮೇಲೆ ನೇರವಾಗಿ.

"ಮುದ್ರಿ ಬಿತ್ತು ನೋಡ್ರಿ" ಎಂದಳು ಅಡಿವೆವ್ವ. "ಇನ್ನ ಕಾಲು ಪಕ್ಕಾ ಆತು." ಕೊನೆಯ ತಂಬಿಗೆ ನೀರನ್ನು ಕೂಸಿನ ಸುತ್ತ ನಿವಾಳಿಸಿದಳು. ಅವಳ ತುಟಿ ಅಲುಗಿತು. ಈ ಸಲ ಎಂದಿಗಿಂತ ತುಸು ಹೊತ್ತು ಹೆಚ್ಚಿಗೆ.

ರಾಜಶ್ರೀ ಕೂಸನ್ನು ಎತ್ತಿಕೊಂಡ ಮೇಲೆ, ಷರತ್ತಿನಂತೆ ಬರಿಗೈಯಲ್ಲಿ, ಆಸರೆಗೆಂದು ಗೋಡೆಗೆ ಹೊಡೆಸಿದ ಕೊಳವೆ ಹಿಡಿದು ಅವಳು ತಾನೇ ಎದ್ದಳು. ಅರ್ಧ ತಾಸಿನ ನಂತರ ಚೌಡಪ್ಪ ಒಳಗೆ ಇಣುಕಿ ನೋಡಿದ. ಒಂದು ಮಂಚದಲ್ಲಿ ಮೊಮ್ಮಗಳು, ನಡುವಿಗೆ ಹೊಟ್ಟಿನ ಬಿಸಿ ಗಂಟು, ಮೈತುಂಬ ಕೌದಿ. ಇನ್ನೊಂದು ಮಂಚದಲ್ಲಿ ಹೆಂಡತಿ, ಕಾಲು ದಿಂಬುಗಳ ರಾಶಿಯ ಮೇಲೆ. ಕೂಸು ಇಬ್ಬರ ನಡುವೆ ತೊಟ್ಟಿಲಲ್ಲಿ ನಿದ್ದೆ ಹೋಗಿತ್ತು.

"ಏನ್ರಿ, ಸುಮ್ಮನ ನಿಂತೀರಿ?" ಎಂದಳು ಅಡಿವೆವ್ವ. "ಕೆರಿಗೆ ಹೋಗ್ರಿ. ಕೂಸಿನ ಕೆಲಸ ಆತು, ಇನ್ನ ಮೊಣಕಾಲಿಂದು ಐತಿ. ಬರ್ಫು ತರ್ರಿ."

ಚೌಡಪ್ಪ ಡಬ್ಬಿ ತೆಗೆದುಕೊಂಡು ಹೊರಟ. ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದ ಕೆಂಚ ಬೆಕ್ಕು ಡಬ್ಬಿಯ ಸಪ್ಪಳ ಕೇಳಿ ಎದ್ದು, ಮೈ ಮುರಿದು, ಅವನ ಹಿಂದೆ ಹೊರಟಿತು.